ಹಿಮದ ನಾಡಿನಲ್ಲಿ ಕಲಿತ ಒಂದು ಪದ

ಪುಷ್ಯಮಾಸದ ಬೆಳಗಿನಲ್ಲಿ ನಮ್ಮ ಬೀದಿಯ ಹಿರಿಯರು ಶಾಲು ಹೊದೆದು, ಕಿವಿ ಮುಚ್ಚುವಂತೆ ಮಫ್ಲರು ಸುತ್ತಿ, "ಈ ವರುಷದಂಥ ಚಳಿಯನ್ನು ನಾವು ಕಂಡೇ ಇಲ್ಲ" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ನಾನು ಪ್ರತಿ ವರುಷವೂ ಕೇಳುತ್ತ ಬಂದಿರುವೆನು. ೨೦೨೨ನೆಯ ಇಸವಿಯವರೆಗೆ ನಾನೂ ಆ ಮಾತಿಗೆ ತಲೆದೂಗುತ್ತಿದ್ದವನೇ. ಈಗ ಮಾತ್ರ ಸುಮ್ಮನೆ ನಕ್ಕು ಮುಂದಕ್ಕೆ ಹೋಗುವೆನು. ಹಾಗೇಕೆಂದು ಕೇಳಿದ ಮಿತ್ರರೊಬ್ಬರಿಗೆ ಬೀದಿಯಲ್ಲಿ ನಿಂತು ಉತ್ತರ ಹೇಳುವುದು ಸಾಧ್ಯವಾಗಲಿಲ್ಲ. ಆ ಉತ್ತರವನ್ನು ಈ ತಿಂಗಳು ವಾಚಕರ ಮುಂದಿಡುತ್ತಿರುವೆನು.

ಆ ವರುಷ ನಾನು ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದೆನು. ಅದೇ ಸಮಯಕ್ಕೆ ಅಮೆರಿಕದಲ್ಲಿರುವ ಮಗಳಿಗೆ ಬಾಣಂತನದ ಕಾಲವೊದಗಿತು. ಚೊಚ್ಚಲ ಬಾಣಂತನ ತವರಿನಲ್ಲಾಗಬೇಕೆಂಬುದು ನಮ್ಮ ಹಿಂದಿನ ಸಂಪ್ರದಾಯ. ಮಗಳು ತವರಿಗೆ ಬರಲಾಗದಿದ್ದರೆ ತವರೇ ಮಗಳಿದ್ದಲ್ಲಿಗೆ ಹೋಗುವುದು ಈಗಿನ ಸಂಪ್ರದಾಯ. ಆದಕಾರಣ ನಾನೂ ನಮ್ಮ ಮನೆಯಾಕೆಯೂ ಬಜೆ, ಅಳಲೆಕಾಯಿ, ಮೆಣಸು, ಸಾರಿನ ಪುಡಿ, ಕೂಸಿನ ಕುಲಾವಿ ಇವುಗಳಿಂದ ತುಂಬಿದ ಪೆಟ್ಟಿಗೆಗಳೊಡನೆ ಅಕ್ಟೋಬರ್ ತಿಂಗಳಿನಲ್ಲಿ ಮಿನ್ನೆಸೋಟ ಸಂಸ್ಥಾನದ ಡುಲೂತ್ ಎಂಬ ಊರನ್ನು ಸೇರಿದೆವು. ಮುಂದಿನ ಏಪ್ರಿಲ್‌ವರೆಗೆ ಅಲ್ಲಿಯೇ ಇದ್ದೆವು.

ಈ ಡುಲೂತ್ ಪಟ್ಟಣವು ಸುಪೀರಿಯರ್ ಸರೋವರದ ಪಶ್ಚಿಮದ ತುದಿಯಲ್ಲಿ, ದಡದಿಂದೇರಿದ ಗುಡ್ಡದ ಮೈಗೆ ಆತುಕೊಂಡಂತೆ ಕುಳಿತಿದೆ. ಸರೋವರವೆಂದಾಗ ನಮ್ಮ ಮನಸ್ಸಿಗೆ ಬರುವುದು ತಾವರೆಯೂ ಹಂಸವೂ ಉಳ್ಳ ಜಲಾಶಯ. ಇದು ಆ ಜಾತಿಯದಲ್ಲ. ಇದರ ಹರವು ಸುಮಾರು ೮೨,೧೦೦ ಚದರ ಕಿಲೋಮೀಟರು. ಎಂದರೆ ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು. ಉದ್ದ ೫೬೦ ಕಿಲೋಮೀಟರು. ಅತ್ಯಂತ ಆಳವಾದ ಕಡೆ ೪೦೬ ಮೀಟರು. ಸಿಹಿನೀರಿನ ಸರೋವರಗಳಲ್ಲಿ ಇಷ್ಟು ವಿಸ್ತಾರವಾದದ್ದು ಭೂಮಿಯ ಮೇಲೆ ಬೇರೊಂದಿಲ್ಲ. ಆ ನೆಲದ ಪೂರ್ವನಿವಾಸಿಗಳಾದ ಓಜಿಬ್ವೆ ಜನರು ಇದನ್ನು ಗಿಚಿಗಮಿ, ಮಹಾಸಾಗರ, ಎಂದು ಕರೆದರು. ದಡದಲ್ಲಿ ನಿಂತು ನೋಡಿದವರಿಗೆ ಆ ಹೆಸರೇ ಸರಿಯೆಂದು ತೋರುವುದು.

ನಮ್ಮ ಕವಿಗಳು ಋತುಗಳನ್ನು ಆರಾಗಿ ಸಮನಾಗಿ ಹಂಚಿದರು. ಋತುಸಂಹಾರದಲ್ಲಿ ಹೇಮಂತಕ್ಕೊಂದು ಸರ್ಗ, ಶಿಶಿರಕ್ಕೊಂದು ಸರ್ಗ. ಡುಲೂತಿನಲ್ಲಿ ಈ ಹಂಚಿಕೆ ನಡೆಯದು. ಅಕ್ಟೋಬರಿನಲ್ಲಿ ಹಿಮದ ಮೊದಲ ಹುಡಿ ಕಾಣಿಸಿದ ಶಿಶಿರವು ನಾವು ಏಪ್ರಿಲಿನಲ್ಲಿ ಹೊರಟು ಬರುವಾಗಲೂ ಗಂಟುಮೂಟೆ ಕಟ್ಟಿರಲಿಲ್ಲ. ಜನವರಿಯಲ್ಲಿ ಅಲ್ಲಿಯ ಸರಾಸರಿ ಉಷ್ಣತೆಯೇ ಸೊನ್ನೆಗೆ ಸುಮಾರು ೧೨ ಡಿಗ್ರಿ ಸೆಲ್ಸಿಯಸ್ ಕೆಳಗೆ. ರಾತ್ರಿ ಅದು ೨೫ ಡಿಗ್ರಿಗಿಂತಲೂ ಕೆಳಗಿಳಿಯುವುದು ಅಪರೂಪವಲ್ಲ. ನಾವಿದ್ದ ೨೦೨೨-೨೩ರ ಚಳಿಗಾಲದಲ್ಲಿ ಬಿದ್ದ ಹಿಮವನ್ನೆಲ್ಲ ಕೂಡಿದರೆ ೧೪೦ ಅಂಗುಲಕ್ಕೆ ಬಂದಿತು. ಹೆಚ್ಚುಕಡಮೆ ಎರಡಾಳಿನ ಎತ್ತರ. ಆ ಊರಿನ ದಾಖಲೆಯಲ್ಲಿ ಅಷ್ಟು ಹಿಮ ಅದುವರೆಗೆ ಬಿದ್ದಿರಲಿಲ್ಲ. ಡಿಸೆಂಬರಿನಲ್ಲಿ ಹಗಲು ಎಂಟೂವರೆ ಗಂಟೆ ಮಾತ್ರ. ಸಂಜೆ ನಾಲ್ಕೂವರೆಯಾಗುವುದರೊಳಗೆ ಸೂರ್ಯನು ಮುಳುಗಿಬಿಡುತ್ತಿದ್ದನು. ಸಾಯಂಸಂಧ್ಯೆಯನ್ನು ಮುಗಿಸಿ ಬಂದವನು ಎರಡನೆಯ ಸಲ ಕಾಫಿ ಕೇಳುವ ವಿಚಿತ್ರವು ನಮ್ಮ ಮನೆಯಲ್ಲಿ ದಿನವೂ ನಡೆಯುತ್ತಿತ್ತು.

ಇಷ್ಟು ಚಳಿಯಲ್ಲಿಯೂ ಸರೋವರವು ಬಹುಕಾಲ ಹೆಪ್ಪುಗಟ್ಟದೆ ಹೊಗೆಯಾಡುತ್ತಿದ್ದುದನ್ನು ಕಂಡು ನಾನು ಆಶ್ಚರ್ಯಪಟ್ಟೆನು. ಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯರು ಪಕ್ಕದ ಕೊಠಡಿಯಲ್ಲಿ ಹೇಳುತ್ತಿದ್ದ ಪಾಠವು ಅಲ್ಲಿ ನೆನಪಿಗೆ ಬಂದಿತು. ನೀರು ೪ ಡಿಗ್ರಿಯಲ್ಲಿ ಅತ್ಯಂತ ಭಾರವಾಗಿರುವುದು. ಮೇಲಿನ ನೀರು ತಣಿದು ಆ ಮಟ್ಟಕ್ಕೆ ಇಳಿಯುತ್ತಿರುವವರೆಗೆ ಅದು ಕೆಳಕ್ಕೆ ಮುಳುಗಿ, ಕೆಳಗಿನ ನೀರಿಗೆ ಎಡೆಮಾಡಿಕೊಡುತ್ತಿರುವುದು. ಹೀಗೆ ಆ ಅಗಾಧ ಜಲರಾಶಿಯ ಶಾಖವು ಮೇಲಕ್ಕೆ ಬಂದು ತೀರುವವರೆಗೆ ಮಂಜುಗಡ್ಡೆ ಕಟ್ಟಲು ಅವಕಾಶವಿಲ್ಲ. ನಾಲ್ಕಕ್ಕಿಂತಲೂ ತಣಿದ ನೀರು ಹಗುರಾಗಿ ಮೇಲೆಯೇ ನಿಂತು ಗಡ್ಡೆ ಕಟ್ಟುವುದು. ಆ ಗಡ್ಡೆಯೇ ಕೆಳಗಿನ ನೀರಿಗೆ ಹೊದಿಕೆಯಾಗಿ ಮೀನುಗಳ ಪ್ರಾಣವನ್ನು ಉಳಿಸುವುದು. ೨೦೧೪ರ ಮಾರ್ಚಿಯಲ್ಲಿ ಈ ಸರೋವರದ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಭಾಗ ಹೆಪ್ಪುಗಟ್ಟಿದ್ದಿತು. ೨೦೨೩-೨೪ರಲ್ಲಿ ಮಂಜುಗಡ್ಡೆ ತೀರ ಅಲ್ಪವಾಗಿದ್ದಿತು. ಹೀಗೆ ಒಂದು ವರುಷದಂತೆ ಇನ್ನೊಂದಿಲ್ಲ.

ಆ ಜನರು ಈ ಕಾಲಕ್ಕೆ ಮಾಡಿಕೊಳ್ಳುವ ಸಿದ್ಧತೆಯನ್ನು ನೋಡಿ ಕಲಿಯತಕ್ಕದ್ದು ಬಹಳವಿದೆ. ನಮ್ಮ ಹೆಂಗಸರು ಬೇಸಗೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಳೆಗಾಲಕ್ಕಿಟ್ಟುಕೊಳ್ಳುವಂತೆ, ಅವರು ಬೇಸಗೆಯಲ್ಲಿಯೇ ಸೌದೆ ಸೀಳಿ ಒಟ್ಟುವರು. ಶರತ್ಕಾಲದಲ್ಲಿ ಕಿಟಕಿಯ ಸಂದುಗಳನ್ನು ಮುಚ್ಚುವರು. ಮೋಟಾರಿನಲ್ಲಿ ಒಂದು ಕಂಬಳಿ, ಒಂದು ಸಲಿಕೆ, ದೀಪ, ಒಂದಿಷ್ಟು ತಿಂಡಿ ಇವು ಇಲ್ಲದೆ ದೂರ ಹೊರಡರು. ಒಂದು ದಪ್ಪ ಬಟ್ಟೆಗಿಂತ ಮೂರು ತೆಳುವಾದ ಬಟ್ಟೆಗಳು ಮೇಲು, ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯನ್ನು ಕಾಯುವುದು ಎಂಬುದು ಅಲ್ಲಿ ಮಕ್ಕಳಿಗೂ ಗೊತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಚಳಿಯೆಂದು ಅವರು ಮನೆಯೊಳಗೆ ಕುಳಿತುಬಿಡುವುದಿಲ್ಲ. ಮುದುಕರು ನಡೆಯಲು ಹೋಗುವರು. ಮಕ್ಕಳು ಗುಡ್ಡದ ಮೇಲಿಂದ ಹಲಗೆಯ ಮೇಲೆ ಜಾರುವರು. ಎಳೆಗೂಸನ್ನೂ ಬೆಚ್ಚಗೆ ಸುತ್ತಿ ಸ್ವಲ್ಪ ಹೊತ್ತು ಬೆಳಕಿಗೆ ತರುವರು.

ಕುಳಿತುಬಿಟ್ಟವನು ನಾನೊಬ್ಬನೇ. ಈ ಮಾತನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಮೂವತ್ತು ವರುಷಕ್ಕೂ ಮೀರಿ ಬೆಳಗ್ಗೆ ಹತ್ತು ಗಂಟೆಗೆ ನನ್ನನ್ನು ಕಾಯುತ್ತಿದ್ದ ತರಗತಿ ಇಲ್ಲದೆ ಹೋಯಿತು. ಬಾಣಂತನದ ಮನೆಯಲ್ಲಿ ಗಂಡಸಿಗೆ ಕೆಲಸವಿಲ್ಲ. ಹೊರಗೆ ಬೆಳ್ಳಗಿನ ಒಂದೇ ನೋಟ. ನಾನು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು, ಕಾಫಿ ಬಿಸಿಯಿಲ್ಲವೆಂದು ಮನೆಯಾಕೆಯ ಮೇಲೆ ರೇಗಿ, ಇದನ್ನು ಸಹನೆಯೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆನು. ವೇದಾಂತದಲ್ಲಿ ಶಮ, ದಮ, ಉಪರತಿ, ತಿತಿಕ್ಷೆ, ಶ್ರದ್ಧೆ, ಸಮಾಧಾನ ಎಂದು ಆರು ಸಂಪತ್ತುಗಳನ್ನು ಹೇಳಿದೆಯಷ್ಟೆ. ತಿತಿಕ್ಷೆಯೆಂದರೆ ಶೀತೋಷ್ಣಾದಿಗಳನ್ನು ಸಹಿಸುವುದೆಂದು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದ ನಾನು, ಶೀತದ ಎದುರಿಗೆ ಮುಖ ಊದಿಸಿಕೊಂಡು ಕೂತಿರುವುದೇ ಅದರ ಲಕ್ಷಣವೆಂದು ಬಗೆದಿದ್ದೆನು.

ಆ ಕಿಟಕಿಯಿಂದ ಎದುರುಮನೆ ಕಾಣುತ್ತಿತ್ತು. ಅಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿದ್ದರು. ಅವರ ಅಜ್ಜನ ಕಾಲದವರು ಫಿನ್ಲೆಂಡಿನಿಂದ ಬಂದು ಅಲ್ಲಿ ನೆಲೆಸಿದವರು; ಆ ಸೀಮೆಯಲ್ಲಿ ಅಂತಹ ಮನೆತನಗಳು ಬಹಳ. ಪ್ರತಿ ಬೆಳಗ್ಗೆ ಅವರು ಸಲಿಕೆ ಹಿಡಿದು ತಮ್ಮ ಬಾಗಿಲಿನಿಂದ ಬೀದಿಯವರೆಗೆ ಹಿಮವನ್ನು ಸರಿಸುತ್ತಿದ್ದುದನ್ನು ನಾನು ನೋಡುತ್ತಿದ್ದೆನು. ಈ ವಯಸ್ಸಿನಲ್ಲಿ ಪಾಪ, ಮಕ್ಕಳು ನೋಡಿಕೊಳ್ಳರಲ್ಲಾ ಎಂದು ಮರುಗಿ, ಕಾಫಿಯ ಲೋಟವನ್ನು ಎತ್ತಿಕೊಳ್ಳುತ್ತಿದ್ದೆನು. ಎದ್ದು ಹೋಗಿ ಸಲಿಕೆಗೆ ಕೈಹಾಕಬೇಕೆಂದು ನನಗೆ ತೋಚಲಿಲ್ಲ.

ಡಿಸೆಂಬರ್ ತಿಂಗಳ ನಡುವಿನಲ್ಲಿ ಆ ಬಿರುಗಾಳಿ ಬಂದಿತು. ಕೂಸಿಗೆ ಆಗ ಹದಿನಾರು ದಿನ. ಅಳಿಯಂದಿರು ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗಿದ್ದವರು ದಾರಿ ಮುಚ್ಚಿದ್ದರಿಂದ ಅಲ್ಲಿಯೇ ನಿಲ್ಲಬೇಕಾಯಿತು. ಕಡುಚಳಿಯಲ್ಲಿ ಬೀಳುವ ಹಿಮವು ಒಣಗಿದ ಹಿಟ್ಟಿನಂತೆ ಹಗುರ; ಸೊನ್ನೆಯ ಆಸುಪಾಸಿನಲ್ಲಿ ಬೀಳುವ ಹಿಮವು ನೆನೆದ ಅರಳೆಯಂತೆ ಭಾರ. ಅಂದು ಬಿದ್ದದ್ದು ಎರಡನೆಯ ಬಗೆಯದು. ರಾತ್ರಿಯೆಲ್ಲ ಮರದ ಕೊಂಬೆಗಳು ಲಟಲಟನೆ ಮುರಿಯುವ ಸದ್ದು ಕೇಳಿಸುತ್ತಿತ್ತು. ನಡುರಾತ್ರಿಯ ವೇಳೆಗೆ ವಿದ್ಯುತ್ತಿನ ತಂತಿಗಳೂ ಹರಿದುವು. ಆ ಪ್ರಾಂತದ ಸಹಸ್ರಾರು ಮನೆಗಳಂತೆ ನಮ್ಮ ಮನೆಯೂ ಕತ್ತಲಾಯಿತು.

ಕತ್ತಲಿಗೆ ನಾನು ಹೆದರಲಿಲ್ಲ. ಆದರೆ ಅಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರವು ಅನಿಲವನ್ನು ಉರಿಸಿದರೂ, ಬಿಸಿಗಾಳಿಯನ್ನು ಕೋಣೆಗಳಿಗೆ ನೂಕುವ ಬೀಸಣಿಗೆಯು ವಿದ್ಯುತ್ತಿನಿಂದಲೇ ತಿರುಗತಕ್ಕದ್ದು. ಅದು ನಿಂತಿತು. ಒಲೆಯೂ ವಿದ್ಯುತ್ತಿನದೇ. ಬೆಳಗಿನ ಹೊತ್ತಿಗೆ ಕೋಣೆಯ ಉಷ್ಣಮಾಪಕದಲ್ಲಿ ೨೧ ಇದ್ದುದು ೧೩ಕ್ಕೆ ಇಳಿದಿದ್ದಿತು. ಹಸುಗೂಸಿಗೆ ನಮ್ಮಂತೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮಗಳು ಕೂಸನ್ನು ಎದೆಗೆ ಅವಚಿಕೊಂಡು, "ಅಪ್ಪಾ, ಇದರ ಕಾಲು ತಣ್ಣಗಾಗಿದೆ" ಎಂದಳು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಮನೆಯಾಕೆಗೆ ನಮ್ಮೂರಿನ ಬಾಣಂತಿಕೋಣೆಯ ಅಗ್ಗಿಷ್ಟಿಕೆ ನೆನಪಾಯಿತು. "ನೋಡಿ, ಆ ಮೋಟಾರು ಕೋಣೆಯಲ್ಲಿ ಇದ್ದಿಲಿನ ಒಲೆಯೊಂದಿದೆಯಲ್ಲ, ಅದನ್ನೇ ಹೊತ್ತಿಸಿ ಒಳಗೆ ತರಬಾರದೆ?" ಎಂದಳು. ಅದು ಬೇಸಗೆಯಲ್ಲಿ ಅಂಗಳದಲ್ಲಿಟ್ಟು ಅಡಿಗೆ ಮಾಡುವ ಒಲೆ. ನನಗೂ ಅದೇ ಸರಿಯೆಂದು ತೋರಿತು. ಕೊನೆಗೂ ನನಗೊಂದು ಕೆಲಸ ದೊರಕಿತೆಂಬ ಉತ್ಸಾಹದಿಂದ ಇದ್ದಿಲನ್ನು ಹೊತ್ತಿಸಿ, ಕೆಂಡವಾದ ಒಲೆಯನ್ನು ಬಾಗಿಲಿನವರೆಗೆ ತಂದೆನು.

ಅಷ್ಟರಲ್ಲಿ ಹೊರಗೆ ಸಲಿಕೆಯ ಸದ್ದು. ಎದುರುಮನೆಯ ಅಜ್ಜಿ ತಮ್ಮ ಬಾಗಿಲಿನಿಂದ ನಮ್ಮ ಬಾಗಿಲಿನವರೆಗೆ, ಮೊಣಕಾಲು ಹುಗಿಯುವ ಹಿಮದಲ್ಲಿ, ಒಬ್ಬರು ನಡೆಯುವಷ್ಟು ದಾರಿ ಕಡಿದುಕೊಂಡು ಬಂದಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿದೊಡನೆ ಅವರ ಮುಖ ಬಿಗಿಯಿತು. ಶಾಲಾ ತನಿಖಾಧಿಕಾರಿಗಳು ಬಂದಾಗ ಕೂಡ ನಾನು ಅಷ್ಟು ಹೆದರಿದವನಲ್ಲ. "ಒಳಗೆ ಬೇಡ" ಎಂದು ಒಲೆಯನ್ನು ಕಸಿದುಕೊಂಡು ಹಿಮದ ಮೇಲೆ ಸುರಿದುಬಿಟ್ಟರು. ಆಮೇಲೆ ಮಗಳು ನನಗೆ ವಿವರಿಸಿದಳು: ಇದ್ದಿಲು ಉರಿಯುವಾಗ ಹೊರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಗಾಳಿಯಾಡದ ಮನೆಯಲ್ಲಿ ಅದು ಮಲಗಿದವರನ್ನು ಮಲಗಿದಂತೆಯೇ ಕೊಂಡೊಯ್ಯುವುದು. ನಮ್ಮ ಹಳೆಯ ಮನೆಗಳಲ್ಲಿ ಹೆಂಚಿನ ಸಂದಿನಿಂದ, ಗವಾಕ್ಷಿಯಿಂದ ಗಾಳಿಯಾಡುತ್ತಿದ್ದುದರಿಂದ ಎಷ್ಟೋ ಅಗ್ಗಿಷ್ಟಿಕೆಗಳು ನಮ್ಮನ್ನು ಉಳಿಸಿದುವು. ಸಂದುಗಳನ್ನೆಲ್ಲ ಮುಚ್ಚಿದ ಆ ಮನೆಯಲ್ಲಿ ಅದೇ ಅಗ್ಗಿಷ್ಟಿಕೆ ನಾಲ್ವರನ್ನೂ ತೀರಿಸಿಬಿಡುತ್ತಿತ್ತು. ಇದನ್ನು ಬರೆಯುವಾಗ ನನ್ನ ಕೈ ಈಗಲೂ ತಡೆಯುವುದು. ನಮ್ಮಲ್ಲಿಯೂ ಈಗ ಮನೆಗಳು ಗಾಜಿನ ಕಿಟಕಿಗಳಿಂದ ಬಿಗಿಯಾಗುತ್ತಿರುವುವು. ಮುಚ್ಚಿದ ಕೋಣೆಯಲ್ಲಿ ಕೆಂಡವನ್ನಿಟ್ಟು ಯಾರೂ ಮಲಗಕೂಡದೆಂದು ಓದುವ ಗೃಹಿಣಿಯರಲ್ಲಿ ನನ್ನ ಪ್ರಾರ್ಥನೆ.

ಅಜ್ಜಿಯ ಮನೆಯಲ್ಲಿ ಹೊಗೆಗೊಳವೆಯುಳ್ಳ ಕಬ್ಬಿಣದ ಸೌದೆಯೊಲೆ ಇದ್ದಿತು. ಹೊಗೆಯೆಲ್ಲ ಕೊಳವೆಯಿಂದ ಹೊರಕ್ಕೆ, ಶಾಖವೆಲ್ಲ ಒಳಕ್ಕೆ. ಬಾಣಂತಿಯೂ ಕೂಸೂ ಆ ಕಡಿದ ದಾರಿಯಲ್ಲಿ ನಲವತ್ತು ಹೆಜ್ಜೆ ನಡೆದು ಅಲ್ಲಿಗೆ ಸೇರಿದರು. ಎರಡು ರಾತ್ರಿ ನಾವೆಲ್ಲರೂ ಆ ಒಲೆಯ ಸುತ್ತ ಮಲಗಿದೆವು. ಕೂಸಿನ ನೀರು ಅದರ ಮೇಲೆಯೇ ಕಾಯಿತು. ಮನೆಯಾಕೆ ಅದರ ಮೇಲೆಯೇ ಮೆಣಸಿನ ಸಾರು ಮಾಡಿದಳು. ಅಜ್ಜಿ ಎರಡು ಬಟ್ಟಲು ಕುಡಿದು, ಕಣ್ಣು ಮೂಗು ಒರೆಸಿಕೊಳ್ಳುತ್ತ, ಇದೂ ಒಂದು ಒಲೆಯೇ ಎಂದರು. ಅವರಿಗೆ ಕನ್ನಡ ಬಾರದು, ನಮ್ಮಾಕೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೂ ಕೂಸನ್ನು ತೊಟ್ಟಿಲಲ್ಲಿಡುವ ವಿಚಾರದಲ್ಲಿ ಇಬ್ಬರೂ ಒಂದೂವರೆ ಗಂಟೆ ವಾದ ಮಾಡಿದರು.

"ನಿಮ್ಮೊಬ್ಬರಿಗೆ ಇಷ್ಟು ಹಿಮವನ್ನು ಕಡಿದು ಬರುವ ಧೈರ್ಯ ಹೇಗೆ ಬಂದಿತು?" ಎಂದು ನಾನು ಕೇಳಿದೆನು. ಅಜ್ಜಿ ನಕ್ಕು, "ಒಬ್ಬಳೇ ಕೂತಿದ್ದರೆ ನನಗೂ ಭಯವೇ. ಅದಕ್ಕೇ ಬಂದೆ" ಎಂದರು. ಆಮೇಲೆ ತಮ್ಮ ಪೂರ್ವಿಕರ ಭಾಷೆಯ ಒಂದು ಪದವನ್ನು ಹೇಳಿದರು: ಸಿಸು. ಸಿಸುಸ್ ಎಂದರೆ ಫಿನ್ನಿಷ್ ಭಾಷೆಯಲ್ಲಿ ಒಳಗಿನದು, ಒಡಲಿನೊಳಗಿನದು. ಅದರಿಂದ ಹುಟ್ಟಿದ ಸಿಸು ಎಂಬ ಪದಕ್ಕೆ, ಇನ್ನು ಸಾಧ್ಯವಿಲ್ಲವೆನಿಸಿದ ಮೇಲೂ ಒಳಗಿನಿಂದೇಳುವ ಕೆಚ್ಚು ಎಂದರ್ಥ. ನಿಮ್ಮ ಭಾಷೆಯಲ್ಲಿ ಇದಕ್ಕೆ ಏನೆನ್ನುವಿರಿ ಎಂದು ಅವರು ಕೇಳಿದಾಗ ನಾನು ಗುರುಪೀಠದ ಅಭ್ಯಾಸದಿಂದ ತಿತಿಕ್ಷೆ ಎಂದು ಹೇಳಿ, ವ್ಯುತ್ಪತ್ತಿ ಹೇಳಲು ಹೊರಟು, ನಡುವೆಯೇ ನಿಂತುಬಿಟ್ಟೆನು.

ತಿತಿಕ್ಷೆಯ ಧಾತು ತಿಜ್. ಆ ಧಾತುವಿಗೆ ಹರಿತಗೊಳಿಸು, ಸಾಣೆ ಹಿಡಿ ಎಂದು ಅರ್ಥ. ತೀಕ್ಷ್ಣವೆಂಬ ಪದ ಬಂದದ್ದು ಅದರಿಂದಲೇ, ತೇಜಸ್ಸು ಬಂದದ್ದೂ ಅದರಿಂದಲೇ. ಅದಕ್ಕೆ ಸನ್ ಪ್ರತ್ಯಯ ಸೇರಿದಾಗ ಸಹನೆಯೆಂಬ ಅರ್ಥ ಬರುವುದೆಂದು ವೈಯಾಕರಣರು ವಿಧಿಸಿರುವರು. ಈ ಸೂತ್ರವನ್ನು ನಾನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿರುವೆನೋ ಲೆಕ್ಕವಿಲ್ಲ. ಹರಿತವಾಗುವುದಕ್ಕೂ ಸಹಿಸುವುದಕ್ಕೂ ಏನು ನಂಟು ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಸಹನೆಯೆಂದರೆ ಮೊಂಡಾಗುವುದೆಂದು ತಿಳಿದಿದ್ದೆನು: ತಟ್ಟಿದರೂ ತಗಲದಂತೆ ಕುಳಿತಿರುವುದು. ಆ ರಾತ್ರಿ ಒಲೆಯ ಮುಂದೆ ತಿಳಿಯಿತು. ಚಳಿಯಲ್ಲಿ ಯಾವ ಒಲೆ ಕಾಯುವುದು, ಯಾವ ಒಲೆ ಕೊಲ್ಲುವುದು, ಯಾರ ಮನೆಯ ಹೊಗೆಗೊಳವೆಯಲ್ಲಿ ಹೊಗೆಯಿಲ್ಲ, ಯಾರ ಮನೆಯಲ್ಲಿ ಎಳೆಗೂಸಿದೆ ಎಂಬುದನ್ನು ಅರಿತು, ಅರಿತೊಡನೆ ಸಲಿಕೆ ಎತ್ತಿಕೊಳ್ಳುವ ಎಚ್ಚರವೇ ತಿತಿಕ್ಷೆ. ಕಿಟಕಿಯ ಬಳಿ ನಾನು ಮಾಡಿದ್ದು ಬರಿಯ ಜಡತ್ವ.

ಆಮೇಲೆ ನೋಡಿದಲ್ಲೆಲ್ಲ ನನಗೆ ಈ ಎಚ್ಚರವೇ ಕಾಣಿಸಿತು. ಅದೇ ಸರೋವರದ ದಕ್ಷಿಣದ ದಡಕ್ಕೆ ಸಮೀಪದಲ್ಲಿ ಮ್ಯಾಡಲೀನ್ ಎಂಬ ದ್ವೀಪವಿದೆ. ಕೆಲವು ನೂರು ಮಂದಿ ಅಲ್ಲಿ ವರುಷವೆಲ್ಲ ವಾಸಿಸುವರು. ಎದುರು ದಡದ ಬೇಫೀಲ್ಡ್ ಊರಿಗೂ ಅವರಿಗೂ ನಡುವೆ ಸುಮಾರು ಮೂರು ಕಿಲೋಮೀಟರು ನೀರು. ನೀರು ತೆರೆದಿರುವವರೆಗೆ ಹಡಗು. ಗಡ್ಡೆ ಕಟ್ಟತೊಡಗಿ ಹಡಗೂ ನಡೆಯದ, ಮೋಟಾರೂ ಹೋಗದ ದಿನಗಳಲ್ಲಿ ಹಿಂದುಗಡೆ ದೊಡ್ಡ ಬೀಸಣಿಗೆಗಳನ್ನುಳ್ಳ ಜಾರುಬಂಡಿ. ಶಾಲೆಯ ಮಕ್ಕಳೂ ಅದರಲ್ಲಿಯೇ ದಾಟುವರು. ಗಡ್ಡೆ ಗಟ್ಟಿಯಾದ ಮೇಲೆ ಅದರ ಮೇಲೆಯೇ ಹಾದಿ, ಹಾದಿಯುದ್ದಕ್ಕೂ ಗುರುತಿಗೆ ನೆಟ್ಟ ಹಸುರು ಮರಗಳು. ಹಾದಿಯೇ ಕಟ್ಟದ ವರುಷಗಳೂ ಉಂಟು. ಮನುಷ್ಯನೊಬ್ಬನು ನಡೆಯಬೇಕಾದರೆ ಹೊಸದಾದ ತಿಳಿ ಗಡ್ಡೆ ನಾಲ್ಕು ಅಂಗುಲವಾದರೂ ದಪ್ಪವಿರಬೇಕು. ಬಿಳಿಚಿದ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ಯಾವ ಗಡ್ಡೆಯನ್ನೂ ಪೂರ್ತಿಯಾಗಿ ನಂಬಬಾರದು. ಇವು ಅಲ್ಲಿಯ ಜನರ ನಿತ್ಯದ ಪಾಠಗಳು. ಮೊಂಡನಾದವನು ಅಲ್ಲಿ ಒಂದು ಚಳಿಗಾಲವನ್ನೂ ದಾಟಲಾರನು.

ಎಚ್ಚರವಿದ್ದರೂ ಎಲ್ಲವೂ ನಮ್ಮ ಕೈಯಲ್ಲಿಲ್ಲ. ಜನವರಿಯಲ್ಲಿ ಅಳಿಯಂದಿರು ನನ್ನನ್ನು ಡುಲೂತಿನ ಬಂದರಿನ ಕಾಲುವೆಯ ಬಳಿಗೆ ಕರೆದುಕೊಂಡು ಹೋದರು. ೧೯೦೫ನೆಯ ಇಸವಿಯ ನವೆಂಬರ್ ೨೮ರಂದು ಮಟಾಫಾ ಎಂಬ ಹಡಗು ಬಿರುಗಾಳಿಯಲ್ಲಿ ಈ ಕಾಲುವೆಯನ್ನು ಹೊಗಲು ಬಂದು, ಕಟ್ಟೆಗೆ ಬಡಿದು, ದಡದ ಸಮೀಪದಲ್ಲಿಯೇ ಸಿಕ್ಕಿಕೊಂಡಿತು. ಸಹಸ್ರಾರು ಜನರು ದಡದಲ್ಲಿ ನೆರೆದರು. ಆ ಅಲೆಗಳಲ್ಲಿ ದೋಣಿ ಹಾಕುವಂತಿರಲಿಲ್ಲ. ಜನರು ರಾತ್ರಿಯೆಲ್ಲ ದಡದಲ್ಲಿ ಬೆಂಕಿಗಳನ್ನು ಉರಿಸುತ್ತ ನಿಂತರು. ಬೆಳಗಾದ ಮೇಲೆ ರಕ್ಷಕರು ಹೋಗಿ ನೋಡಿದಾಗ ಮುಂಭಾಗದಲ್ಲಿದ್ದ ಹದಿನೈದು ಮಂದಿ ಬದುಕಿದ್ದರು. ಹಿಂಭಾಗದಲ್ಲಿದ್ದ ಒಂಬತ್ತು ಮಂದಿ ಸತ್ತಿದ್ದರು. ಆ ಬೆಂಕಿಯ ಶಾಖ ಹಡಗಿಗೆ ಮುಟ್ಟುವಂತಿರಲಿಲ್ಲವೆಂಬುದು ದಡದವರಿಗೂ ಗೊತ್ತಿದ್ದಿತು. ಆದರೂ ಉರಿಸಿದರು, ಯಾರೂ ಮನೆಗೆ ಹೋಗಿ ಮಲಗಿಲ್ಲವೆಂಬುದು ಹಡಗಿನವರಿಗೆ ಕಾಣಲೆಂದಿರಬೇಕು. ಆ ಬಿರುಗಾಳಿಯ ಹಾನಿಯನ್ನು ನೋಡಿಯೇ ಮುಂದೆ ಉತ್ತರದ ದಡದಲ್ಲಿ ಸ್ಪ್ಲಿಟ್ ರಾಕ್ ಎಂಬ ದೀಪಸ್ತಂಭವನ್ನು ಕಟ್ಟಿದರು. ಅದು ೧೯೧೦ರಲ್ಲಿ ಬೆಳಗಿತು. ಕೈಲಾಗದ ರಾತ್ರಿಯಲ್ಲಿ ಬೆಂಕಿ, ಕೈಲಾದ ಹಗಲಿನಲ್ಲಿ ದೀಪಸ್ತಂಭ: ಎರಡೂ ಬೇಕು.

ಬಿರುಗಾಳಿಯ ಮರುವಾರದಿಂದ ಬೆಳಗಿನ ಎಂಟು ಗಂಟೆಗೆ ನನಗೆ ಮತ್ತೆ ಒಂದು ತರಗತಿ ದೊರಕಿತು. ಮೂರು ಬಟ್ಟೆ ತೊಟ್ಟು, ಕೈಗವಸು ಹಾಕಿಕೊಂಡು, ಅಳಿಯಂದಿರ ಸಲಿಕೆಯೊಡನೆ ಅಜ್ಜಿಯ ಬಾಗಿಲಿನಿಂದ ಬೀದಿಯವರೆಗೆ ಹಿಮ ಸರಿಸುತ್ತಿದ್ದೆನು. ಎದೆಗೆ ಆಯಾಸವಾಗಬಾರದೆಂದು ಸ್ವಲ್ಪ ಸ್ವಲ್ಪವೇ ಎತ್ತುವುದನ್ನೂ, ಎತ್ತುವುದಕ್ಕಿಂತ ನೂಕುವುದನ್ನೂ ಅಜ್ಜಿಯೇ ಕಲಿಸಿದರು. ಒಳ್ಳೆಯ ವಿದ್ಯಾರ್ಥಿಯೆನಿಸಿಕೊಂಡೆನೆಂದು ಹೇಳಲಾರೆ, ಗೈರುಹಾಜರಿಯಂತೂ ಇರಲಿಲ್ಲ. ಕಾಫಿ ಬಿಸಿಯಿಲ್ಲವೆಂಬ ಜಗಳ ಆ ಮೇಲೆ ನಡೆದ ನೆನಪಿಲ್ಲ.

ನಮ್ಮ ನಾಡಿಗೆ ಅಂತಹ ಶಿಶಿರವಿಲ್ಲ, ಇರುವುದೂ ಬೇಡ. ಆದರೆ ದೀರ್ಘವಾದ ಕಾಯಿಲೆ, ಕೆಲಸವಿಲ್ಲದ ಮುಪ್ಪು, ಮಕ್ಕಳಿಲ್ಲದ ಮನೆ, ಇವೂ ಒಂದು ಬಗೆಯ ಚಳಿಗಾಲಗಳೇ. ಅವುಗಳ ನಡುವೆ ಕಿಟಕಿಯ ಬಳಿ ಕುಳಿತಿರುವ ನನ್ನಂಥವರು ಈ ಪತ್ರಿಕೆಯ ಓದುಗರಲ್ಲಿಯೂ ಇರಬಹುದು. ಅವರಿಗೆ ನಾನು ಹೇಳತಕ್ಕದ್ದು ಇಷ್ಟೆ: ಎದುರುಮನೆಯನ್ನು ನೋಡುತ್ತಿರುವಿರಷ್ಟೆ, ಎದ್ದು ಅಲ್ಲಿಯವರೆಗೆ ಹೋಗಿಬನ್ನಿರಿ.

ಮೊನ್ನೆ ಮಗಳು ದೂರವಾಣಿಯಲ್ಲಿ ಮಾತನಾಡಿದಳು. ಈ ವರುಷವೂ ಹಿಮ ಬಿದ್ದಿದೆಯಂತೆ. ಅಂದು ಕಾಲು ತಣ್ಣಗಾಗಿದ್ದ ಕೂಸು ಈಗ ಓಡಾಡುವ ಹುಡುಗ. ಅವನಿಗೊಂದು ಪುಟ್ಟ ಸಲಿಕೆ ಕೊಡಿಸಿರುವರಂತೆ. ತನ್ನ ಬಾಗಿಲಿನ ಹಿಮವನ್ನು ಬಿಟ್ಟು ಅವನು ಮೊದಲು ಅಜ್ಜಿಯ ಬಾಗಿಲಿಗೆ ಓಡುವನೆಂದೂ, ಹೋಗಿ ಬಂದಮೇಲೆ ಮೆಣಸಿನ ಸಾರು ಕೇಳುವನೆಂದೂ ಹೇಳಿದಳು. ನಮ್ಮ ಮನೆಯಾಕೆ ಆ ದಿನವೇ ಸಾರಿನ ಪುಡಿಗೆ ಮೆಣಸು ಹುರಿಯಲು ಕುಳಿತಳು.